ನಿಂತು ದುಡಿಯುವವರಿಗೆ ಕುರ್ಚಿ ಬೇಕು

ಮಾನ್ಯರೇ,

ನಗರದ ಬಟ್ಟೆ ಮಳಿಗೆಗಳಲ್ಲಿ ದಿನವಿಡೀ ನಿಂತೇ ಇರುವ ಸಿಬ್ಬಂದಿಯನ್ನೂ ಸಿಗ್ನಲ್‌ಗಳಲ್ಲಿ ದುಡಿಯುವ ಸಂಚಾರ ಪೊಲೀಸರನ್ನೂ ಕಾಡುವ ವೆರಿಕೋಸ್ ವೇನ್ಸ್ (ಕಾಲಿನ ರಕ್ತನಾಳಗಳು ಹಿಗ್ಗಿ ಸುರುಳಿಯಾಗುವುದು) ಕೇವಲ ಅಂದಗೆಡಿಸುವ ತೊಂದರೆಯಲ್ಲ.

ಕಾಲಿನ ರಕ್ತದ ಬಹುಪಾಲು ಸ್ನಾಯುಗಳ ನಡುವಿನ ಆಳದ ಅಭಿಧಮನಿಗಳ ಮೂಲಕ ಹೃದಯಕ್ಕೆ ಮರಳುತ್ತದೆ. ಚರ್ಮದಡಿಯ ಅಭಿಧಮನಿಗಳಲ್ಲಿ ಮುಖ್ಯವಾದವು ಎರಡು: ಕಣಕಾಲಿನ ಒಳಬದಿಯ ಗಿಣ್ಣಿನ ಮುಂಭಾಗದಿಂದ ತೊಡೆಸಂದಿಯವರೆಗೆ ಏರುವ ದೊಡ್ಡ ಸ್ಯಾಫೀನಸ್ ಮತ್ತು ಹೊರಬದಿಯ ಗಿಣ್ಣಿನ ಹಿಂದಿನಿಂದ ಮಂಡಿಯ ಹಿಂಭಾಗಕ್ಕೆ ಸಾಗುವ ಸಣ್ಣ ಸ್ಯಾಫೀನಸ್. ಇವುಗಳನ್ನು ಆಳದ ನಾಳಗಳಿಗೆ ಜೋಡಿಸುವ ಕಿರುನಾಳಗಳೂ ಇದ್ದು, ಎಲ್ಲೆಡೆ ಇರುವ ಪುಟ್ಟ ಕವಾಟಗಳು ಬಾಗಿಲಿನಂತೆ ಒಂದೇ ದಿಕ್ಕಿಗೆ ತೆರೆಯುತ್ತವೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲೆತ್ತುತ್ತದೆ. ಅಲುಗಾಡದೆ ನಿಂತಾಗ ಆ ನೆರವು ನಿಲ್ಲುತ್ತದೆ. ಕವಾಟ ಸಡಿಲಗೊಂಡರೆ, ಅದರಲ್ಲೂ ತೊಡೆಸಂದಿಯಲ್ಲಿ, ರಕ್ತ ಕೆಳಕ್ಕೆ ಹಿಮ್ಮರಳಿ ನಾಳ ಹಿಗ್ಗಿ ಸುರುಳಿಯಾಗುತ್ತದೆ. ಆನುವಂಶಿಕತೆ, ಗರ್ಭಧಾರಣೆ, ವಯಸ್ಸು, ಬೊಜ್ಜು ಇವೂ ಕಾರಣಗಳೇ.

ಸಂಜೆಯ ಬಾವು ಮತ್ತು ಭಾರವನ್ನು ದಣಿವೆಂದು ಕಡೆಗಣಿಸಿದರೆ, ಮುಂದೆ ಕಣಕಾಲಿನ ಒಳಬದಿಯ ಗಿಣ್ಣಿನ ಮೇಲ್ಭಾಗದ ಚರ್ಮ ಕಪ್ಪಾಗಿ, ಸುಲಭವಾಗಿ ಮಾಯದ ಹುಣ್ಣಾಗಬಹುದು. ರಕ್ತದ ಹರಿವನ್ನು ಶಬ್ದತರಂಗಗಳಿಂದ ಪರೀಕ್ಷಿಸುವ ಡಾಪ್ಲರ್ ಸ್ಕ್ಯಾನ್ ಯಾವ ಕವಾಟ ಕೆಟ್ಟಿದೆಯೆಂದು ತೋರಿಸುತ್ತದೆ. ಅದನ್ನು ಮಾಡಿಸದೆ ಎಣ್ಣೆ ತಿಕ್ಕುತ್ತ ಕೂರುವುದು ನನ್ನ ದೃಷ್ಟಿಯಲ್ಲಿ ಕಾಲಹರಣ.

ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಸೇರಿಸಿವೆ. ಬೆಂಗಳೂರಿನ ಪ್ರತಿ ಮಳಿಗೆಯಲ್ಲೂ ಸಿಬ್ಬಂದಿಗೆ ಕುರ್ಚಿ ಮತ್ತು ಆಗಾಗ ಓಡಾಡಲು ಬಿಡುವು ಸಿಗುವಂತೆ ಕಾರ್ಮಿಕ ಇಲಾಖೆ ನೋಡಿಕೊಳ್ಳಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು