ಹಾಸ್ಟೆಲ್ ಊಟದ ಹಾಲ್‌ನ ಸೂರು ಕುಸಿದಿದೆ, ಮಳೆಗೆ ಮುಂಚೆ ಕೈ ಜೋಡಿಸಿ

ಆತ್ಮೀಯರೇ,

ಹೋದ ವಾರದ ಗಾಳಿಮಳೆಗೆ ನಮ್ಮ ಹಾಸ್ಟೆಲ್ಲಿನ ಊಟದ ಹಾಲ್‌ನ ಸೂರು ಒಂದು ಕಡೆ ಕುಸಿಯಿತು. ಬೇಸಿಗೆ ರಜೆ, ಮಕ್ಕಳಿರಲಿಲ್ಲ. ದೇವರು ದೊಡ್ಡವನು. ಆಚಾರಿ ಹಂಚು ತೆಗೆಸಿ ನೋಡಿದರೆ ಹಂಚು ಹೊರುವ ಮರದ ಪಕಾಸಿಗೆಲ್ಲ ಗೆದ್ದಲು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ಜೂನ್‌ನಲ್ಲಿ ಮಕ್ಕಳೂ ಬರುತ್ತಾರೆ, ಮಳೆಯೂ ಬರುತ್ತದೆ. ಸಾಗರದ ಮಳೆ ನಿಮಗೆ ಹೇಳಬೇಕಾ?

ಈ ಹಾಸ್ಟೆಲ್ ಯಾಕೆ ಹುಟ್ಟಿತು ಅಂತ ಗೊತ್ತೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ತುಂಬಿದ ಮೇಲೆ ನೀರಿನ ಆಚೆ ಉಳಿದ ಕರೂರು ಸೀಮೆಯ ಮಕ್ಕಳಿಗೆ ಸಾಗರ ದೂರವಾಯಿತು. ಹಿರಿಯರು ಮನೆಮನೆಗೆ ಹೋಗಿ ಮುಷ್ಟಿ ಅಕ್ಕಿ ಎತ್ತಿದರು, ಅಡಿಕೆ ಮಾರುವ ಹೊತ್ತಿಗೆ ಮಂಡಿ ಬಾಗಿಲಲ್ಲಿ ನಿಂತು ಪಟ್ಟಿ ಎತ್ತಿದರು. ಆ ಅನ್ನ ಉಂಡವರು ಇವತ್ತು ಡಾಕ್ಟರು, ಮೇಷ್ಟ್ರು, ಇಂಜಿನಿಯರು. ಊಟಕ್ಕೆ ಅಂತ ಯಾವ ಮಗುವಿನ ಹತ್ತಿರವೂ ಇವತ್ತಿನವರೆಗೆ ಒಂದು ರೂಪಾಯಿ ತಗೊಂಡಿಲ್ಲ.

ತೊಂಬತ್ತರ ದಶಕದಲ್ಲಿ ಹಳೇ ವಿದ್ಯಾರ್ಥಿಗಳೇ ಸೇರಿ ಒಂದು ಇಡುಗಂಟು ಮಾಡಿಕೊಟ್ಟರು. ಆಗ ಬ್ಯಾಂಕಿನಲ್ಲಿ ಲಕ್ಷಕ್ಕೆ ವರ್ಷಕ್ಕೆ 12 ಸಾವಿರದಷ್ಟು ಬಡ್ಡಿ ಬರುತ್ತಿತ್ತು, ಅಕ್ಕಿ ಬೇಳೆಗೆ ಆಗಿ ಸುಣ್ಣಬಣ್ಣಕ್ಕೂ ಮಿಗುತ್ತಿತ್ತು. 2020-21ರ ಹೊತ್ತಿಗೆ ಅದು ಐದೂವರೆ ಸಾವಿರದ ಹತ್ತಿರ ಬಂತು. ಈಗ ಸ್ವಲ್ಪ ಏರಿದೆ, ಆದರೆ ಎಣ್ಣೆ, ಗ್ಯಾಸು, ಅಡುಗೆಯವರ ಸಂಬಳ ಎಲ್ಲ ಅದಕ್ಕಿಂತ ಜಾಸ್ತಿ ಏರಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ದೇಣಿಗೆಗೆ ಸಿಗುವ 80ಜಿ ತೆರಿಗೆ ವಿನಾಯಿತಿ ಇಲ್ಲ ಅಂತ ಮಾರ್ಚ್ ತಿಂಗಳ ದೇಣಿಗೆಯೂ ಇಳಿಯಿತು. ಮಕ್ಕಳ ತಟ್ಟೆಗೆ ಕಮ್ಮಿ ಮಾಡಲು ಮನಸ್ಸು ಬರಲಿಲ್ಲ, ರಿಪೇರಿ ಮುಂದಕ್ಕೆ ಹೋಗುತ್ತಾ ಹೋಯಿತು.

2025ರಲ್ಲಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಯಿತಲ್ಲ, ಇನ್ನು ಹಾಸ್ಟೆಲ್ ಯಾಕೆ ಅನ್ನುವವರಿದ್ದಾರೆ. ಸೇತುವೆಯಿಂದ ಒಳಗಿನ ಹಳ್ಳಿಗೆ ಕಾಡುದಾರಿ ಹಾಗೇ ಇದೆ. ಸಂಜೆ ಬಸ್ ತಪ್ಪಿದರೆ ಹೈಸ್ಕೂಲ್ ಹುಡುಗಿ ಜಿಗಣೆ ಕಚ್ಚಿಸಿಕೊಂಡು ಕತ್ತಲಲ್ಲಿ ನಡೆದು ಹೋಗಬೇಕಾ?

ಕಬ್ಬಿಣದ ಟ್ರಸ್, ಶೀಟು, ಕೂಲಿ ಎಲ್ಲ ಸೇರಿ ಸುಮಾರು ಐದು ಲಕ್ಷ ಬೇಕು. ಇಡುಗಂಟು ಮುರಿಯಬಹುದಲ್ವಾ ಅಂತ ಕೆಲವರು ಕೇಳಿದರು. ಮುರಿದರೆ ಮುಂದಿನ ವರ್ಷದ ಊಟಕ್ಕೆ ಏನು ಮಾಡುವುದು? ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇವೆ. ಹಳೇ ರಸೀದಿಯಲ್ಲಿರುವ ಖಾತೆಗೇ ಕಳಿಸಿ. ಹಳೇ ತೆರಿಗೆ ಪದ್ಧತಿಯಲ್ಲಿದ್ದು ವಿನಾಯಿತಿ ಬೇಕಾದವರು ಪ್ಯಾನ್ ನಂಬರ್ ತಿಳಿಸಿ, 2 ಸಾವಿರ ದಾಟಿದರೆ ನಗದು ಬೇಡ. ಹಣ ಆಗದಿದ್ದರೆ ಅಕ್ಕಿ ಕೊಡಿ, ಅದೂ ಬೇಕು. ಮೇ 25ರೊಳಗೆ ಅರ್ಧ ಹಣವಾದರೂ ಕೈಗೆ ಬಂದರೆ ವೆಲ್ಡಿಂಗ್‌ನವರು ಕೆಲಸ ಶುರು ಮಾಡುತ್ತಾರೆ.

— ಟ್ರಸ್ಟಿಗಳು