ಟೆಕ್ಸಾಸ್‌ನ ಜರ್ಮನ್ ಊರುಗಳನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ, ಟೆಕ್ಸಾಸ್‌ನ ಫ್ರೆಡರಿಕ್ಸ್‌ಬರ್ಗ್ ಪಟ್ಟಣವನ್ನು ಕುರಿತ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಆಸ್ಟಿನ್ ಮತ್ತು ಸ್ಯಾನ್ ಆಂಟೋನಿಯೊ ಸುತ್ತಮುತ್ತ ಇರುವ ಕನ್ನಡಿಗರಿಗೆ ಈ ಊರು ಹೊಸದೇನಲ್ಲ. ಊರಿನಿಂದ ಅಪ್ಪ-ಅಮ್ಮ ಬಂದಾಗ ವಾರಾಂತ್ಯಕ್ಕೆ ಕರೆದೊಯ್ಯುವ ಜಾಗಗಳಲ್ಲಿ ಅದೂ ಒಂದು. ಲೇಖಕರು ಅಲ್ಲಿನ ಬೇಕರಿಗಳನ್ನೂ ಪೀಚ್ ತೋಟಗಳನ್ನೂ ಸೊಗಸಾಗಿ ವರ್ಣಿಸಿದ್ದಾರೆ. ಆದರೆ ಇತಿಹಾಸಕ್ಕೆ ಮೀಸಲಾದ ಭಾಗದಲ್ಲಿ ಜರ್ಮನ್ ವಲಸಿಗರಿಗಾಗಿ ನ್ಯೂ ಬ್ರೌನ್‌ಫೆಲ್ಸ್ ಎಂಬ ಊರನ್ನು ಸ್ಥಾಪಿಸಿದ ಜರ್ಮನ್ ರಾಜಕುಮಾರ ಕಾರ್ಲ್ ಇದ್ದಾನೆ, ಫ್ರೆಡರಿಕ್ಸ್‌ಬರ್ಗ್ ಸ್ಥಾಪಿಸಿ ಅಲ್ಲಿನ ಮೂಲನಿವಾಸಿಗಳಾದ ಕೊಮಾಂಚಿ ಜನರೊಡನೆ ಒಪ್ಪಂದ ಮಾಡಿಕೊಂಡ ವಲಸಿಗರ ಮುಖಂಡ ಮೊಯ್ಸೆಬಾಖ್ ಇದ್ದಾನೆ. ಹೆಂಗಸರ ಬಗ್ಗೆ ಇರುವುದು ‘ಕುಟುಂಬ ಸಮೇತರಾಗಿ ಬಂದರು’ ಎಂಬ ಒಂದೇ ಮಾತು. ಆ ಮಾತಿನೊಳಗೆ ಅಡಗಿಹೋದ ಸಂಗತಿಗಳನ್ನು ಕೆಲವಾದರೂ ಓದುಗರ ಮುಂದಿಡುವುದು ಈ ಪತ್ರದ ಉದ್ದೇಶ.

1844ರಿಂದ 1847ರ ನಡುವೆ ಜರ್ಮನ್ ಶ್ರೀಮಂತರು ಕಟ್ಟಿಕೊಂಡಿದ್ದ ವಲಸೆ ಸಂಘವೊಂದು ಏಳು ಸಾವಿರಕ್ಕೂ ಹೆಚ್ಚು ಜನರನ್ನು ಟೆಕ್ಸಾಸ್‌ಗೆ ಸಾಗಿಸಿತು. ಸಂಘದ ಕರಾರಿನ ಪ್ರಕಾರ ಒಂಟಿ ಗಂಡಸಿಗೆ 160 ಎಕರೆ, ಮದುವೆಯಾದವನಿಗೆ 320 ಎಕರೆ ಜಮೀನು ಸಿಗಬೇಕಿತ್ತು. ಅಂದರೆ ಲೆಕ್ಕಪತ್ರದ ಭಾಷೆಯಲ್ಲೇ ಹೇಳುವುದಾದರೆ, ಹೆಂಡತಿ ಜೊತೆಗಿದ್ದ ಕಾರಣಕ್ಕೇ ಆ ಇನ್ನರ್ಧ ಭೂಮಿ. ಕರಾರಿಗೆ ಸಹಿ ಹಾಕಿದವನು ಮಾತ್ರ ಗಂಡ. ಸ್ಪ್ಯಾನಿಷ್ ಕಾನೂನಿನ ಬಳುವಳಿಯಿಂದಾಗಿ ಟೆಕ್ಸಾಸ್‌ನಲ್ಲಿ ಮದುವೆಯ ನಂತರ ಗಳಿಸಿದ ಆಸ್ತಿಯಲ್ಲಿ ಹೆಂಡತಿಗೂ ಪಾಲಿತ್ತು ಎಂಬುದು ನಿಜ. ಆದರೆ ಅದರ ಆಡಳಿತ ಗಂಡನ ಕೈಯಲ್ಲೇ ಇತ್ತು. ಇಷ್ಟಾಗಿಯೂ ಸಂಘ ತೋರಿಸಿದ ಆ ದೂರದ ಜಮೀನನ್ನು ಬಂದವರಲ್ಲಿ ಬಹುಪಾಲು ಜನ ಕಣ್ಣಿಂದಲೂ ನೋಡಲಿಲ್ಲ, ಏಕೆಂದರೆ ಅದು ಕೊಮಾಂಚಿಗಳ ನಾಡಾಗಿತ್ತು. ಪ್ರವರ್ತಕರು, ಮೊದಲಿಗರು ಎಂದೆಲ್ಲ ನಾವು ಹೊಗಳುವಾಗ ಅಲ್ಲಿ ಅವರಿಗಿಂತ ಮೊದಲೇ ಜನರಿದ್ದರೆಂಬುದನ್ನು ಮರೆಯಬಾರದು.

ಎರಡು-ಮೂರು ತಿಂಗಳ ಹಡಗು ಪ್ರಯಾಣ ಮುಗಿಸಿ, ಮುಂದೆ ಇಂಡಿಯನೋಲಾ ಎಂದು ಹೆಸರಾದ ಮರಳು ತೀರದಲ್ಲಿ ಇಳಿದವರಿಗೆ ನಿಜವಾದ ಕಷ್ಟ ಆರಂಭವಾದದ್ದು ಅಲ್ಲಿಂದಲೇ. 1846ರಲ್ಲಿ ಮೆಕ್ಸಿಕೋ ಜೊತೆ ಯುದ್ಧ ಶುರುವಾಗಿ, ಗಾಡಿ ಹೊಡೆಯುವವರೆಲ್ಲ ಹೆಚ್ಚಿನ ಬಾಡಿಗೆಗೆ ಸೈನ್ಯದ ಕಡೆ ಹೋದರು. ಒಳನಾಡಿನ ನ್ಯೂ ಬ್ರೌನ್‌ಫೆಲ್ಸ್ ಅಲ್ಲಿಂದ ಸುಮಾರು 150 ಮೈಲಿ. ಡೇರೆಗಳಲ್ಲಿ, ಮರಳಿನಲ್ಲಿ ತೋಡಿದ ಗುಂಡಿಗಳಲ್ಲಿ ಮಳೆಗೆ ನೆನೆಯುತ್ತ ತಿಂಗಳುಗಟ್ಟಲೆ ಕಾದ ಕುಟುಂಬಗಳಲ್ಲಿ ಆಮಶಂಕೆಯೂ ಜ್ವರವೂ ಹಬ್ಬಿ, ತೀರದಲ್ಲೂ ದಾರಿಯಲ್ಲೂ ನೂರಾರು ಜನ ಸತ್ತರು. ಕಾಯಿಲೆಯವರ ಆರೈಕೆ, ಹೆರಿಗೆ, ಇದ್ದಷ್ಟು ಬಟ್ಟೆಯನ್ನು ಒಗೆದು ಒಣಗಿಸುವುದು, ಸತ್ತವರಿಗೆ ಹೊದಿಸಲು ಏನಾದರೂ ಹೊಂದಿಸುವುದು, ಇವೆಲ್ಲ ಯಾರ ಪಾಲಿಗೆ ಬಂದಿರಬಹುದೆಂದು ನಾನು ವಿವರಿಸಬೇಕಿಲ್ಲ.

ಈ ಸಾವುಗಳ ನಡುವಿನಿಂದಲೇ ಒಬ್ಬ ಹೆಣ್ಣುಮಗಳ ಹೆಸರು ಎದ್ದು ಕಾಣುತ್ತದೆ: ಲೂಯಿಸೆ ಎರ್ವೆಂಡ್‌ಬೆರ್ಗ್. ಅವರ ಗಂಡ ನ್ಯೂ ಬ್ರೌನ್‌ಫೆಲ್ಸ್‌ನ ಮೊದಲ ಪ್ರಾಟೆಸ್ಟಂಟ್ ಪಾದ್ರಿ. 1846ರ ಪಿಡುಗಿನಲ್ಲಿ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳು ಹತ್ತಾರು ಮಂದಿ ಪಾದ್ರಿಯ ಆಶ್ರಯಕ್ಕೆ ಬಂದರು. ಕೆಲವರನ್ನು ಬಂಧುಗಳೋ ಬೇರೆ ಮನೆಯವರೋ ಕರೆದೊಯ್ದರು. ಯಾರೂ ಕರೆದೊಯ್ಯದೆ ಉಳಿದವರು 19 ಮಂದಿ. 1848ರಲ್ಲಿ ಗ್ವಾಡಲೂಪೆ ನದಿಯ ಬಳಿ ಒಂದು ಹೊಲಮನೆಯಲ್ಲಿ ಅನಾಥಾಲಯ ಅಧಿಕೃತವಾಗಿ ಸ್ಥಾಪನೆಯಾಯಿತು. ಟೆಕ್ಸಾಸ್‌ನ ಮೊದಲ ಅನಾಥಾಲಯವೆಂದೇ ಅದನ್ನು ಗುರುತಿಸುತ್ತಾರೆ. ಸ್ಥಾಪಕರೆಂದು ದಾಖಲಾದದ್ದು ಪಾದ್ರಿಯ ಹೆಸರು. ಸಸ್ಯಶಾಸ್ತ್ರದಲ್ಲಿ ಆಸಕ್ತಿಯಿದ್ದ ಅವರು ಹಾರ್ವರ್ಡ್‌ನ ಆಸಾ ಗ್ರೇ ಅವರಿಗೆ ಟೆಕ್ಸಾಸ್‌ನ ಗಿಡಗಳ ಮಾದರಿಗಳನ್ನು ಸಂಗ್ರಹಿಸಿ ಕಳಿಸುತ್ತಿದ್ದರು, ಅದೂ ದಾಖಲಾಗಿದೆ. ಆದರೆ 19 ಮಕ್ಕಳ ಜೊತೆಗೆ ಸ್ವಂತ ಮಕ್ಕಳನ್ನೂ ಸೇರಿಸಿಕೊಂಡು ದಿನಕ್ಕೆ ಮೂರು ಹೊತ್ತು ಉಣಬಡಿಸಿದವರು ಯಾರು? ಗೋಧಿ, ರೈ ಹಿಟ್ಟಿನ ರೊಟ್ಟಿಗೆ ಒಗ್ಗಿದ್ದ ಕೈ ಇಲ್ಲಿ ಮೆಕ್ಕೆಜೋಳವನ್ನು ಕೈಯಿಂದ ತಿರುಗಿಸುವ ಬೀಸುವ ಯಂತ್ರದಲ್ಲಿ ಪುಡಿಮಾಡಿ, ಅಂಟು ಸಾಲದ ಆ ಹಿಟ್ಟಿನಿಂದಲೇ ರೊಟ್ಟಿ ಸುಡುವುದನ್ನು ಹೊಸದಾಗಿ ಕಲಿಯಬೇಕಿತ್ತು. ಒಲೆಯ ಬೂದಿಯನ್ನು ನೀರಿನಲ್ಲಿ ಸೋಸಿ, ಬಂದ ಕ್ಷಾರದ ನೀರನ್ನು ಕೊಬ್ಬಿನೊಡನೆ ಗಂಟೆಗಟ್ಟಲೆ ಕುದಿಸಿದರೆ ಸೋಪು. ಅದೇ ಕೊಬ್ಬಿನಿಂದ ಮೇಣದಬತ್ತಿ. ಇಪ್ಪತ್ತಕ್ಕೂ ಹೆಚ್ಚು ಮಂದಿ ಇದ್ದ ಮನೆಯಲ್ಲಿ ಇಂಥ ಕೆಲಸಕ್ಕೆ ಕೊನೆಯೆಂಬುದು ಇರಲು ಸಾಧ್ಯವಿಲ್ಲ.

1855ರಲ್ಲಿ ಪಾದ್ರಿ ಮಹಾಶಯರು ಅದೇ ಅನಾಥಾಲಯದಲ್ಲಿ ಬೆಳೆದ ಒಬ್ಬ ಹುಡುಗಿಯೊಡನೆ, ತಮ್ಮ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೆಕ್ಸಿಕೋಗೆ ಹೊರಟುಹೋದರು. ಹೆಣ್ಣುಮಕ್ಕಳೊಡನೆ ಹಿಂದೆ ಉಳಿದವರು ಲೂಯಿಸೆ. ಇದನ್ನು ಪಾದ್ರಿಯ ಮೇಲೆ ಕೆಸರೆರಚಲು ಬರೆಯುತ್ತಿಲ್ಲ. ಸಂಸ್ಥೆಯೊಂದನ್ನು ಕಟ್ಟಿದವರು ಯಾರೆಂದು ನಿರ್ಧರಿಸುವಾಗ, ಕಾಗದದಲ್ಲಿ ಯಾರ ಹೆಸರಿದೆ ಎಂದಷ್ಟೇ ನೋಡದೆ ಕೊನೆಗೆ ಮಕ್ಕಳ ಬಳಿ ನಿಂತವರು ಯಾರು ಎಂದೂ ನೋಡಬೇಕಲ್ಲವೇ?

ಫ್ರೆಡರಿಕ್ಸ್‌ಬರ್ಗ್‌ಗೆ ಮರಳುತ್ತೇನೆ. 1846ರ ಏಪ್ರಿಲ್ 23ರಂದು ನ್ಯೂ ಬ್ರೌನ್‌ಫೆಲ್ಸ್‌ನಿಂದ ಹೊರಟ ಸುಮಾರು 120 ಜನರ ಮೊದಲ ಗಾಡಿ ಸಾಲು ಮೇ 8ರಂದು ಅಲ್ಲಿಗೆ ತಲುಪಿತು. ಮೊದಲ ಮನೆಗಳೆಂದರೆ ನೆಲಕ್ಕೆ ನೆಟ್ಟ ಮರದ ಗಳುಗಳು, ಸಂದಿಗೆ ಮೆತ್ತಿದ ಜೇಡಿಮಣ್ಣು, ಮೇಲೆ ಹುಲ್ಲಿನ ಹೊದಿಕೆ. ಇಂಗ್ಲಿಷ್ ಮಾತಾಡುವ ನೆರೆಹೊರೆಯ ಅಮೆರಿಕನ್ನರಿಗೆ ಜರ್ಮನ್ ಹೆಂಗಸರು ಗಂಡಸರ ಸರಿಸಮಕ್ಕೆ ಹೊಲದಲ್ಲಿ ದುಡಿಯುವುದು ವಿಚಿತ್ರವಾಗಿ ಕಾಣುತ್ತಿತ್ತಂತೆ. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಅದರಲ್ಲಿ ವಿಚಿತ್ರವೇನೂ ಕಾಣದು. 1848ರ ಕೊನೆಗೆ ಊರ ಪಕ್ಕದಲ್ಲೇ ಮಾರ್ಟಿನ್ ಸ್ಕಾಟ್ ಕೋಟೆ ಆರಂಭವಾಗಿ, ಸೈನಿಕರ ರೂಪದಲ್ಲಿ ರೈತರ ಸರಕಿಗೆ ಗಿರಾಕಿಗಳು ಸಿಕ್ಕರು. ಹಾಲು ಕರೆದು ಬೆಣ್ಣೆ ತೆಗೆಯುವುದು, ಕೋಳಿ ಸಾಕುವುದು ಹೆಂಗಸರದೇ ಕೆಲಸವಾಗಿದ್ದರಿಂದ, ಮನೆಗೆ ಬರುತ್ತಿದ್ದ ಅಲ್ಪಸ್ವಲ್ಪ ನಗದಿನಲ್ಲಿ ಅವರ ದುಡಿಮೆಯದು ಸಣ್ಣ ಪಾಲಲ್ಲ.

ಊರಿನ ಈಸ್ಟರ್ ಬೆಂಕಿಯ ಪದ್ಧತಿಗೆ ಮೂಲವೆಂದು ನಿಮ್ಮ ಲೇಖಕರು ಹೇಳಿರುವ ಕಥೆಯ ಬಗ್ಗೆಯೂ ಒಂದು ಮಾತು. ಮೊಯ್ಸೆಬಾಖ್ ಸಂಧಾನಕ್ಕೆ ಹೋಗಿದ್ದಾಗ ಗುಡ್ಡಗಳ ಮೇಲೆ ಕೊಮಾಂಚಿಗಳ ಬೆಂಕಿ ಉರಿಯುವುದನ್ನು ಕಂಡು ಹೆದರಿದ ಮಕ್ಕಳಿಗೆ, ಹಬ್ಬಕ್ಕೆ ಮಕ್ಕಳಿಗೆ ಬಣ್ಣದ ಮೊಟ್ಟೆ ತರುತ್ತದೆಂದು ಹೇಳುವ ಈಸ್ಟರ್ ಮೊಲವು ಮೊಟ್ಟೆಗಳಿಗೆ ಬಣ್ಣ ಕಟ್ಟಲು ಕಾಡುಹೂಗಳನ್ನು ಕುದಿಸುತ್ತಿದೆ ಎಂದು ಒಬ್ಬ ತಾಯಿ ಸಮಾಧಾನ ಹೇಳಿದಳಂತೆ. ಚೆಂದದ ಕಥೆ, ಊರಿನವರಿಗೆ ಪ್ರಿಯವಾದದ್ದು. ಆದರೆ ಸ್ಯಾನ್ ಸಾಬಾ ನದಿಯ ಬಳಿ ಸಂಧಾನ ಸಭೆ ನಡೆದದ್ದು 1847ರ ಮಾರ್ಚ್ 1 ಮತ್ತು 2ರಂದು; ಆ ವರ್ಷ ಈಸ್ಟರ್ ಬಂದದ್ದು ಏಪ್ರಿಲ್ 4ಕ್ಕೆ. ಗುಡ್ಡದ ಮೇಲೆ ಈಸ್ಟರ್ ಬೆಂಕಿ ಹಚ್ಚುವ ಪದ್ಧತಿಯೂ ಉತ್ತರ ಜರ್ಮನಿಯಲ್ಲಿ ಮೊದಲಿನಿಂದ ಇದ್ದದ್ದೇ. ಹೀಗಿರುವಾಗ ಇದನ್ನು ನಡೆದ ಘಟನೆಯೆಂದು ಬರೆಯುವುದು ಸರಿಯಲ್ಲ. ನನಗೆ ಇನ್ನೂ ಕಸಿವಿಸಿಯೆನಿಸಿದ್ದು ಬೇರೆ: ಇಡೀ ಲೇಖನದಲ್ಲಿ ಬಾಯಿ ಬಿಟ್ಟು ಮಾತಾಡುವ ಏಕೈಕ ಹೆಂಗಸು ಈ ದಂತಕಥೆಯ, ಹೆಸರೇ ಇಲ್ಲದ ತಾಯಿ.

ಆ ಒಪ್ಪಂದಕ್ಕೆ 1847ರ ಮೇ 9ರಂದು ಸಹಿ ಬಿದ್ದು, ಊರಿಗೆ ನೆಮ್ಮದಿ ಸಿಕ್ಕಿತು. ಮುಂದಿನ ಆಪತ್ತು ಬಂದದ್ದು ಸ್ವಂತ ರಾಜ್ಯದ ಕಡೆಯಿಂದ. ಅಮೆರಿಕದ ಅಂತರ್ಯುದ್ಧದಲ್ಲಿ ಟೆಕ್ಸಾಸ್ ಪ್ರತ್ಯೇಕಗೊಂಡ ದಕ್ಷಿಣದ ರಾಜ್ಯಗಳ ಪಕ್ಷ ವಹಿಸಿದಾಗ ಈ ಗುಡ್ಡಗಾಡಿನ ಅನೇಕ ಜರ್ಮನರು ಅಮೆರಿಕ ಒಕ್ಕೂಟಕ್ಕೆ, ಅಂದರೆ ಉತ್ತರದ ಪಕ್ಷಕ್ಕೆ, ನಿಷ್ಠರಾಗಿ ಉಳಿದರು. ಮೆಕ್ಸಿಕೋದತ್ತ ಹೊರಟಿದ್ದ ಅವರ ಗುಂಪೊಂದನ್ನು 1862ರ ಆಗಸ್ಟ್ 10ರಂದು ನ್ಯೂಸೆಸ್ ನದಿಯ ಬಳಿ ದಕ್ಷಿಣದ ಸೈನಿಕರು ಮುತ್ತಿ, ಗಾಯಗೊಂಡು ಸೆರೆಸಿಕ್ಕವರನ್ನೂ ಬಿಡದೆ ಕೊಂದರು. ಅವರ ಮೂಳೆಗಳನ್ನು ಊರಿಗೆ ತಂದು ಹೂಳಲು ಯುದ್ಧ ಮುಗಿಯುವವರೆಗೆ ಕಾಯಬೇಕಾಯಿತು. 1866ರಲ್ಲಿ ಕಂಫರ್ಟ್ ಎಂಬ ಊರಿನಲ್ಲಿ ನಿಲ್ಲಿಸಿದ ಸ್ಮಾರಕದ ಮೇಲೆ ಸತ್ತ ಗಂಡಸರ ಹೆಸರುಗಳಿವೆ, ಇರಲೇಬೇಕು. ಆ ವರ್ಷಗಳಲ್ಲಿ ಗಂಡನಿಲ್ಲದ ಮನೆಗಳಲ್ಲಿ, ರಾತ್ರಿ ಬಾಗಿಲು ಬಡಿದು ಗಂಡಸರನ್ನು ಎಳೆದೊಯ್ದು ನೇಣಿಗೆ ಹಾಕುತ್ತಿದ್ದ ಗುಂಪುಗಳ ಭಯದ ನಡುವೆಯೇ ಉತ್ತು ಬಿತ್ತಿ ಮಕ್ಕಳನ್ನು ಉಳಿಸಿಕೊಂಡವರ ಹೆಸರುಗಳು ಎಲ್ಲಿಯೂ ಹೀಗೆ ಸಾಲಾಗಿ ಸಿಗುವುದಿಲ್ಲ.

ಟೆಕ್ಸಾಸ್‌ನ ಜರ್ಮನ್ ಮಹಿಳೆ ಯಾರೆಂದರೆ ಎಲ್ಲರೂ ಶಿಲ್ಪಿ ಎಲಿಜಬೆಟ್ ನೈ ಅವರನ್ನು ಹೆಸರಿಸುತ್ತಾರೆ. ಬಿಸ್ಮಾರ್ಕ್‌ನ ಪ್ರತಿಮೆ ಕೆತ್ತಿದ ಅವರು ದೊಡ್ಡವರೇ, ಆಸ್ಟಿನ್‌ನಲ್ಲಿ ಅವರ ಸ್ಟುಡಿಯೊ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಆದರೆ ಅವರು ಟೆಕ್ಸಾಸ್‌ಗೆ ಬಂದದ್ದು 1873ರಲ್ಲಿ, ಊರುಗಳು ಬೇರುಬಿಟ್ಟ ಎಷ್ಟೋ ವರ್ಷಗಳ ನಂತರ.

ಫ್ರೆಡರಿಕ್ಸ್‌ಬರ್ಗ್‌ಗೆ ಹೋಗುವ ಓದುಗರು ಮುಖ್ಯರಸ್ತೆಯಲ್ಲೇ ಇರುವ ಪಯೊನೀರ್ ಮ್ಯೂಸಿಯಂಗೆ ಒಂದು ಗಂಟೆ ಮೀಸಲಿಟ್ಟು, 1849ರ ಕಾಮ್ಲಾ ಕುಟುಂಬದ ಮನೆಯೊಳಗೆ ಹೋಗಿ ನೋಡಿದರೆ ನಾನು ಹೇಳುತ್ತಿರುವ ದುಡಿಮೆಯ ಅಂದಾಜು ಸಿಗುತ್ತದೆ. ಮುಂದಿನ ಕಂತು ನ್ಯೂ ಬ್ರೌನ್‌ಫೆಲ್ಸ್ ಕುರಿತಾಗಿರುತ್ತದೆ ಎಂದು ಲೇಖನದ ಕೊನೆಯಲ್ಲಿ ಸೂಚಿಸಿದ್ದೀರಿ. ಅದರಲ್ಲಿ ರಾಜಕುಮಾರನ ಚಿತ್ರದ ಜೊತೆಗೆ ಆ ಅನಾಥಾಲಯದ ವಿಷಯವನ್ನೂ ಲೂಯಿಸೆ ಎರ್ವೆಂಡ್‌ಬೆರ್ಗ್ ಅವರ ಹೆಸರನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಓದುಗರೊಬ್ಬರು, ಆಸ್ಟಿನ್, ಟೆಕ್ಸಾಸ್