ಬೆಳ್ಳಿ ಪರೀಕ್ಷೆಗೆ ಬ್ಲೀಚ್ ಬೇಡ, ಒಂದು ಲೋಟ ನೀರು ಸಾಕು

ಸಂಪಾದಕರಿಗೆ ನಮಸ್ಕಾರ.

ಬೆಳ್ಳಿ ಒಡವೆ ಅಸಲಿಯೋ ನಕಲಿಯೋ ಅಂತ ಮನೆಯಲ್ಲೇ ಪತ್ತೆ ಹಚ್ಚುವ ಉಪಾಯಗಳು ನಿಮ್ಮ ಪತ್ರಿಕೆಯಲ್ಲಿ ಬಂದಿದ್ದವು. ಅಯಸ್ಕಾಂತ, ಐಸ್, ಬಿಳಿ ಬಟ್ಟೆ, ಕೊನೆಗೆ ಒಂದು ತೊಟ್ಟು ಬ್ಲೀಚ್. ನಾನು ಒಡವೆ ರಿಪೇರಿ ಮಾಡುವವಳು. ಕಿತ್ತುಹೋದ ಸರಕ್ಕೆ ಬೆಸುಗೆ ಹಾಕುವುದು, ಮಣಿ ಪೋಣಿಸುವುದು, ಪಾಲಿಶ್ ಮಾಡುವುದು ನನ್ನ ಕೆಲಸ. ಇಂಥ ಪ್ರಯೋಗಗಳು ಮುಗಿದ ಮೇಲೆ ಒಡವೆಗಳು ಬಂದು ಬೀಳುವುದು ನನ್ನಂಥವರ ಮುಂದೆ. ಹಾಗಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಬ್ಲೀಚ್ ವಿಷಯ. ಬ್ಲೀಚ್ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ನಿಜ. ಆದರೆ ಒಡವೆ ಅಸಲಿ ಅಂತ ಗೊತ್ತಾಗುವ ಹೊತ್ತಿಗೆ ಅದು ಹಾಳಾಗಿರುತ್ತದೆ, ಅಲ್ವಾ? ಆ ಕಲೆ ಸುಮ್ನೆ ಉಜ್ಜಿದರೆ ಹೋಗುವುದಿಲ್ಲ. ಕೆತ್ತನೆಯ ಸಂದಿಗೆ ಇಳಿದಿದ್ದರೆ ಪಾಲಿಶ್ ಮಾಡುವಾಗ ಕೆತ್ತನೆಯೇ ಸವೆಯುತ್ತದೆ. ಒಬ್ಬರು ತಂದ ಉಂಗುರದ ಹರಳಿನ ಸುತ್ತ ಹಲ್ಲುಗಳ ಬುಡದಲ್ಲೆಲ್ಲ ಕಪ್ಪು ಕೂತಿತ್ತು. ಹರಳು ಬಿಚ್ಚದೆ ಅದನ್ನು ತೆಗೆಯಲು ದಾರಿಯೇ ಇರಲಿಲ್ಲ. ಇನ್ನು ಕೆಲವರು ಬ್ಲೀಚ್ ಹಾಕಿ, ಕಪ್ಪಾಯಿತು ಅಂತ ಗಾಬರಿಯಾಗಿ ಮೇಲಿಂದ ವಿನೆಗರ್ ಸುರಿಯುತ್ತಾರೆ. ಬ್ಲೀಚಿಗೆ ಯಾವ ಹುಳಿ ಬೆರೆತರೂ ಕ್ಲೋರಿನ್ ಅನಿಲ ಬರುತ್ತದೆ. ಅದು ಉಸಿರಿಗೆ ವಿಷ. ಮುತ್ತು, ಹವಳ ಇದ್ದರಂತೂ ವಿನೆಗರ್ ಹತ್ತಿರವೂ ತರಬೇಡಿ, ಅವುಗಳ ಮೇಲ್ಮೈಯನ್ನೇ ಅದು ತಿಂದುಹಾಕುತ್ತದೆ. ನೈಟ್ರಿಕ್ ಆಸಿಡ್ ಇರುವ ಪರೀಕ್ಷೆ ಕಿಟ್‌ಗಳೂ ಸಿಗುತ್ತವೆ. ಅದು ಪಳಗಿದ ಕೈಗೆ ಬಿಟ್ಟ ಕೆಲಸ, ಅಡುಗೆಮನೆಯದ್ದಲ್ಲ.

ಉಳಿದ ಉಪಾಯಗಳಿಂದ ಹಾನಿಯಿಲ್ಲ, ಆದರೆ ಅವು ಹೇಳುವುದು ಅರ್ಧ ಮಾತು. ಅಯಸ್ಕಾಂತಕ್ಕೆ ಸರ ಗಟ್ಟಿಯಾಗಿ ಅಂಟಿದರೆ ಅದು ಬೆಳ್ಳಿಯಲ್ಲ, ಅಲ್ಲಿಗೆ ಮುಗಿಯಿತು. ಅಂಟದಿದ್ದರೆ? ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸೀಸ ಯಾವುದೂ ಅಂಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲೂ ಅಂಟದ ಬಗೆಗಳಿವೆ. ಇದರ ಉಲ್ಟಾ ತಮಾಷೆಯೂ ಉಂಟು. ಅಪ್ಪಟ ಬೆಳ್ಳಿ ಸರದ ಕೊಕ್ಕೆ ಅಯಸ್ಕಾಂತಕ್ಕೆ ಅಂಟಿತು ಅಂತ ಮುಖ ಸಣ್ಣ ಮಾಡಿಕೊಂಡು ಬರುವವರಿದ್ದಾರೆ. ಕೊಕ್ಕೆಯೊಳಗೆ ಕೂದಲೆಳೆಯಂಥ ಸ್ಪ್ರಿಂಗ್ ಇರುತ್ತದೆ, ಅದು ಸಾಮಾನ್ಯವಾಗಿ ಸ್ಟೀಲಿನದು. ಅಂಟುವುದು ಆ ಸ್ಪ್ರಿಂಗ್. ಕೊಕ್ಕೆ ಬಿಟ್ಟು ಸರದ ಮೈಗೆ ಹಿಡಿದು ನೋಡಿ.

ಐಸ್ ಇಟ್ಟರೆ ಬೆಳ್ಳಿಯ ಮೇಲೆ ಬೇಗ ಕರಗುತ್ತದೆ. ಶಾಖ ಸಾಗಿಸುವುದರಲ್ಲಿ ಲೋಹಗಳಲ್ಲೇ ಬೆಳ್ಳಿ ಮೊದಲನೆಯದು. ಆದರೆ ತಾಮ್ರ ಅದರ ಬೆನ್ನಿಗೇ ಇದೆ. ಶಾಖ ಸಾಗಿಸುವ ಅಳತೆಯಲ್ಲಿ ಬೆಳ್ಳಿಯದು 429 ಅಂದರೆ ತಾಮ್ರದ್ದು 401. ಈ ವ್ಯತ್ಯಾಸ ಕರಗುವ ಐಸ್ ನೋಡಿ ಯಾರ ಕಣ್ಣಿಗೂ ತಿಳಿಯುವುದಿಲ್ಲ. ತಾಮ್ರದ ಬಳೆಗೆ ಬೆಳ್ಳಿ ಲೇಪ ಕೊಟ್ಟಿದ್ದರೆ ಐಸ್ ಪರೀಕ್ಷೆಯಲ್ಲಿ ಅದು ಆರಾಮಾಗಿ ಪಾಸು. ಸಣ್ಣ ಕೊಂಡಿಯ ಸರಕ್ಕಂತೂ ಐಸ್ ಸರಿಯಾಗಿ ತಾಗುವುದೇ ಇಲ್ಲ.

ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಕಪ್ಪು ಬಂತು, ಹಾಗಾಗಿ ಬೆಳ್ಳಿ ಅನ್ನುವುದೂ ಹಾಗೇ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ. ಬರೀ ಲೇಪ ಕೊಟ್ಟ ಒಡವೆಯ ಮೇಲಿರುವುದೂ ಬೆಳ್ಳಿಯೇ, ಅದೂ ಕಪ್ಪು ಬಿಡುತ್ತದೆ. ಅಸಲಿ ಬೆಳ್ಳಿಗೆ ರೋಡಿಯಂ ಅನ್ನುವ ಕಪ್ಪಾಗದ ಬಿಳಿ ಲೋಹದ ಲೇಪ ಇದ್ದರೆ ಉಜ್ಜಿ ಉಜ್ಜಿ ಕೈ ನೋಯಬೇಕೇ ಹೊರತು ಕಪ್ಪು ಬರುವುದಿಲ್ಲ.

ನನ್ನನ್ನು ಕೇಳಿದರೆ, ಮೊದಲು ಕಣ್ಣಿಗೆ ಕೆಲಸ ಕೊಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನಿನ ಕ್ಯಾಮರಾದಲ್ಲಿ ಹತ್ತಿರದಿಂದ ಚಿತ್ರ ತೆಗೆದು ಹಿಗ್ಗಿಸಿ ನೋಡಿ. ನೋಡಬೇಕಾದ್ದು ಮೇಲಿನ ಹೊಳಪನ್ನಲ್ಲ, ಸವೆಯುವ ಜಾಗವನ್ನು. ಸರದಲ್ಲಾದರೆ ಒಂದು ಕೊಂಡಿಯ ಹೊಟ್ಟೆಯೊಳಗೆ ಇನ್ನೊಂದು ಕೊಂಡಿ ಕೂತು ತಿಕ್ಕಾಡುವ ತಾಣ. ಎರಡು ಕೊಂಡಿಗಳನ್ನು ಉಗುರಿನಿಂದ ಹಿಂದಕ್ಕೆ ತಳ್ಳಿದರೆ ಆ ಗುಳಿ ಕಾಣುತ್ತದೆ. ಹಿತ್ತಾಳೆ ಇಲ್ಲವೇ ತಾಮ್ರದ ಮೇಲೆ ಲೇಪ ಕೊಟ್ಟ ಸರವಾಗಿದ್ದರೆ ಅಲ್ಲಿ ಹಳದಿ ಇಲ್ಲವೇ ಕೆಂಪು ಇಣುಕುತ್ತಿರುತ್ತದೆ, ಅದರ ಅಂಚು ಸುಲಿದ ಬಣ್ಣದಂತೆ ಏರುಪೇರಾಗಿರುತ್ತದೆ. ಬೆಳ್ಳಿಯಾಗಿದ್ದರೆ ಗುಳಿ ಎಷ್ಟೇ ಆಳವಾಗಿರಲಿ, ಬಣ್ಣ ಒಂದೇ. ಉಂಗುರದಲ್ಲಾದರೆ ಒಳಮೈ ಅಂಚು, ಬಳೆಯಲ್ಲಾದರೆ ತಿರುಪಿನ ಅಕ್ಕಪಕ್ಕ.

ಒಂದು ಎಚ್ಚರ. ಬೆಸುಗೆ ಹಾಕಿದ ಜಾಗದ ಸುತ್ತ ಬೂದು ಅಥವಾ ನಸು ನೇರಳೆ ಛಾಯೆ ಕಂಡರೆ ನಕಲಿ ಅಂತ ತೀರ್ಮಾನಿಸಬೇಡಿ. ಬೆಳ್ಳಿಗೆ ಬೆರೆಸಿದ ತಾಮ್ರ ಬೆಂಕಿಗೆ ಸುಟ್ಟು ಆಗುವ ಕಲೆ ಅದು. ಅಪ್ಪಟ 925 ಮುದ್ರೆಯ ಬೆಳ್ಳಿಯಲ್ಲೇ ಅದು ನಮಗೆ ಜಾಸ್ತಿ ಕಾಟ ಕೊಡುವುದು.

925 ಅಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. 800, 958, 999 ಮುದ್ರೆಗಳೂ ಇರುತ್ತವೆ. ಇಪಿಎನ್‌ಎಸ್ (EPNS) ಅಂತಿದ್ದರೆ ಅದು ಬೇರೆ ಲೋಹದ ಮೇಲೆ ಬೆಳ್ಳಿ ಲೇಪ ಮಾತ್ರ. ಜರ್ಮನ್ ಸಿಲ್ವರ್ ಅನ್ನುವುದು ತಾಮ್ರ, ನಿಕ್ಕಲ್, ಸತು ಸೇರಿದ ಲೋಹ, ಅದರಲ್ಲಿ ಬೆಳ್ಳಿಯೇ ಇಲ್ಲ. ಮುದ್ರೆ ಸುಳಿವು ಕೊಡುತ್ತದೆ ಅಷ್ಟೇ. ಮುದ್ರೆ ಒತ್ತುವ ಅಚ್ಚು ಯಾರ ಕೈಯಲ್ಲಿ ಬೇಕಾದರೂ ಇರಬಹುದು. ಕೊಕ್ಕೆಯೊಂದೇ ಬೆಳ್ಳಿ, ಸರ ಬೇರೆ ಲೋಹ, ಮುದ್ರೆ ಇರುವುದು ಕೊಕ್ಕೆಯ ಮೇಲೆ: ಇದನ್ನು ಕತ್ತರಿಸಿ ನೋಡಿದವಳು ನಾನು.

ಇನ್ನು ನಿಮ್ಮ ಪತ್ರಿಕೆಯಲ್ಲಿ ಬಾರದೇ ಹೋದ, ಬರಲೇಬೇಕಿದ್ದ ಪರೀಕ್ಷೆಗೆ ಬರುತ್ತೇನೆ. ಒಂದು ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ಒಂದೆಳೆ ದಾರ ಸಾಕು. ಒಡವೆಗೆ ಗೀರು ಬೀಳುವುದಿಲ್ಲ, ಕಲೆಯೂ ಆಗುವುದಿಲ್ಲ. ಮೊದಲು ಒಡವೆಯನ್ನು ಒಣಗಿದಂತೆಯೇ ತೂಗಿ ಬರೆದುಕೊಳ್ಳಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಒಡವೆಯನ್ನು ದಾರಕ್ಕೆ ಕಟ್ಟಿ, ನೀರಿನಲ್ಲಿ ಪೂರ್ತಿ ಮುಳುಗುವಂತೆ ಕೈಯಲ್ಲೇ ತೂಗುಬಿಡಿ. ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು. ಈಗ ತಕ್ಕಡಿ ತೋರಿಸುವ ಗ್ರಾಂ ಒಡವೆ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ. ಒಡವೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು ಆ ಉತ್ತರ, ಒಂದೊಂದು ಲೋಹಕ್ಕೆ ಅದು ಒಂದೊಂದು.

ನನ್ನ ಹತ್ತಿರ ಬಂದಿದ್ದ ಒಂದು ದಪ್ಪ ಸರ 41.4 ಗ್ರಾಂ ತೂಗಿತು. ನೀರಿನಲ್ಲಿ ಬಂದದ್ದು 4 ಗ್ರಾಂ. ಭಾಗಿಸಿದರೆ 10.35. ಶುದ್ಧ ಬೆಳ್ಳಿಗೆ 10.49 ಬರಬೇಕು, 925ಕ್ಕೆ 10.36ರ ಆಸುಪಾಸು. ಅಷ್ಟೇ ತೂಕದ ಜರ್ಮನ್ ಸಿಲ್ವರ್ ಆಗಿದ್ದರೆ ನೀರಿನಲ್ಲಿ 4.8ರ ಹತ್ತಿರ ತೋರಿಸಿ, ಲೆಕ್ಕ 8.6ಕ್ಕೆ ಇಳಿಯುತ್ತಿತ್ತು. ತಾಮ್ರ 8.96, ಸ್ಟೀಲ್ 8ರ ಒಳಗೆ. ಲೇಪ ಎಷ್ಟೇ ಚೆನ್ನಾಗಿರಲಿ, ಒಳಗಿನ ಲೋಹದ ಈ ಲೆಕ್ಕವನ್ನು ಮುಚ್ಚಿಡಲು ಅದಕ್ಕೆ ಆಗುವುದಿಲ್ಲ.

ಎಡವಟ್ಟಾಗುವುದು ಗಾಳಿಗುಳ್ಳೆಯಿಂದ. ಕೊಂಡಿಗಳ ಸಂದಿಯಲ್ಲಿ ಗುಳ್ಳೆ ಕೂತರೆ ಒಡವೆ ಜಾಸ್ತಿ ನೀರು ತಳ್ಳಿದಂತೆ ತೋರುತ್ತದೆ, ಒಳ್ಳೆಯ ಬೆಳ್ಳಿಯೂ ಕಳಪೆಯಾಗಿ ಕಾಣುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಒಡವೆಯನ್ನು ಒಳಗೇ ಚೂರು ಅಲ್ಲಾಡಿಸಿ ಗುಳ್ಳೆ ಬಿಡಿಸಿ. ತಕ್ಕಡಿ 0.01 ಗ್ರಾಂ ತೋರಿಸುವಂಥದ್ದಾದರೆ ಚೆಂದ. 0.1ರ ತಕ್ಕಡಿಯಲ್ಲಿ ದಪ್ಪ ಸರ ಬೆಳ್ಳಿಯೋ ಅಲ್ಲವೋ ತಿಳಿಯುತ್ತದೆ, ಆದರೆ 925ಕ್ಕೂ 800ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹಿಟ್ಟು, ಸಕ್ಕರೆ ತೂಗುವ ಒಂದು ಗ್ರಾಂ ಲೆಕ್ಕದ ತಕ್ಕಡಿ ಇದಕ್ಕೆ ಪ್ರಯೋಜನವಿಲ್ಲ.

ಇದಕ್ಕೂ ಮಿತಿ ಇದೆ, ಮುಚ್ಚಿಡುವುದಿಲ್ಲ. ಹರಳು ಕೂರಿಸಿದ್ದು, ಒಳಗೆ ಪೊಳ್ಳಿರುವುದು, ಅರಗು ತುಂಬಿದ್ದು ಯಾವುದಕ್ಕೂ ಈ ಲೆಕ್ಕ ಹೊಂದುವುದಿಲ್ಲ. ಸೀಸ 11.34 ಇರುವುದರಿಂದ ಅದಕ್ಕೆ ಹಗುರ ಲೋಹ ಬೆರೆಸಿ ಬೆಳ್ಳಿಯ ಅಂಕಿಗೆ ತರುವ ಕಿಲಾಡಿಗಳೂ ಇರಬಹುದು. ಆದರೆ ಸೀಸ ಜಾಸ್ತಿ ಇರುವ ಲೋಹ ಮೆತ್ತಗೆ. ಲೇಪ ಸವೆದ ಜಾಗವನ್ನು ಕಾಗದದ ಮೇಲೆ ಎಳೆದರೆ ಪೆನ್ಸಿಲಿನ ಹಾಗೆ ಗೆರೆ ಬಿಡುತ್ತದೆ. ಅಂಥದ್ದು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ, ಅವರು ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತಾರೆ.

ಪುಟ್ಟ ಓಲೆ, ಮೂರು ಗ್ರಾಮಿನ ಉಂಗುರಕ್ಕೆ ನೀರಿನ ಲೆಕ್ಕ ಹಿಡಿಯಲು ಹೋಗಬೇಡಿ. ಅಲ್ಲಿ ತಳ್ಳುವ ನೀರೇ 0.3 ಗ್ರಾಂ, ತಕ್ಕಡಿ ಒಂದು ಕೂದಲು ಆಚೀಚೆಯಾದರೂ ಉತ್ತರ ಬದಲಾಗುತ್ತದೆ. ಅಂಥದ್ದನ್ನು ಎಕ್ಸ್‌ಆರ್‌ಎಫ್ ಯಂತ್ರ, ಅಂದರೆ ಎಕ್ಸ್-ಕಿರಣ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳುವ ಯಂತ್ರ, ಇರುವ ಕಡೆ ತೋರಿಸಿ. ಆ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. ಹಾಗಾಗಿ ಒಂದೇ ಕಡೆ ಇಟ್ಟು ಚೀಟಿ ಕೊಟ್ಟರೆ ಒಪ್ಪಬೇಡಿ. ಸವೆದಿರುವ ಜಾಗದಲ್ಲೂ ಇನ್ನೊಮ್ಮೆ ಇಡಿಸಿ, ಎರಡು ಅಂಕಿಗಳನ್ನೂ ಬರೆಸಿಕೊಳ್ಳಿ.

ಇತಿ,
ಒಡವೆ ರಿಪೇರಿ ಮಾಡುವ ನಿಮ್ಮ ಓದುಗಿ